ಡಾಂಬರು ಹೆಚ್ಚು, ಜಲ್ಲಿ ಕಡಿಮೆ, ಭಯವೆಲ್ಲ ಜಲ್ಲಿಯಲ್ಲೇ: ಬೈಕಿಗೆ ಎಂಥ ಟೈರು ಹಾಕಿಸಲಿ?

ಧೂಳುದಾರಿ:

ಎಲ್ಲರಿಗೂ ನಮಸ್ಕಾರ. ನನ್ನ ಬೈಕು ಸುಮಾರು 210 ಕಿಲೋ ತೂಕದ್ದು. ಮುಂದೆ 110/80 ಆರ್ 19, ಹಿಂದೆ 150/70 ಆರ್ 17 ಅಳತೆಯ ಟ್ಯೂಬ್‌ಲೆಸ್ ಟೈರುಗಳಿವೆ, ರಿಮ್‌ಗಳು ಅಲಾಯ್. ಕಂಪನಿಯಿಂದಲೇ ಬಂದ ಈ ಟೈರುಗಳು 13 ಸಾವಿರ ಕಿಲೋಮೀಟರ್ ಓಡಿವೆ. ಹಿಂದಿನದರ ನಡುಭಾಗ ಹಲಗೆಯಂತೆ ಚಪ್ಪಟೆಯಾಗಿದ್ದು, ಬಟನ್ನುಗಳ (ಟೈರಿನ ಮೈಮೇಲಿನ ರಬ್ಬರಿನ ಉಬ್ಬುಗಳ) ನಡುವಿನ ಸವೆತದ ಗುರುತು ಇನ್ನೇನು ನೆಲಕ್ಕೆ ತಾಗುವಂತಿರುವುದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕೆಂದಿದ್ದೇನೆ.

ನನ್ನ ಓಡಾಟದ ಬಹುಪಾಲು ಡಾಂಬರಿನ ಮೇಲೆಯೇ ನಡೆಯುತ್ತದೆ. ರಜೆಯ ದಿನಗಳಲ್ಲಿ ಮಾತ್ರ ಜಲ್ಲಿಯ ದಾರಿಗೆ ಇಳಿಯುತ್ತೇನೆ. ಆದರೆ ಅಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯತೊಡಗಿದ ಕೂಡಲೇ ಹ್ಯಾಂಡಲ್ ಹಿಡಿದ ಕೈಗಳು ತಾವಾಗಿಯೇ ಬಿಗಿಯುತ್ತವೆ, ಬಿಗಿದಷ್ಟೂ ಅಲೆದಾಟ ಹೆಚ್ಚುತ್ತದೆ. ಆದ್ದರಿಂದ 50/50 (ಅರ್ಧ ಡಾಂಬರಿಗೆ, ಅರ್ಧ ಕಚ್ಚಾ ದಾರಿಗೆ) ಎಂದು ಮಾರುವ ದೊಡ್ಡ ಬಟನ್ನಿನ ಟೈರುಗಳನ್ನೇ ಎರಡೂ ಕಡೆ ಹಾಕಿಸಿಬಿಡೋಣವೆಂದು ಮನಸ್ಸು ಹೇಳುತ್ತಿದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೆಚೈನು:

ಟೈರಿನ ಹೆಸರು ಹೇಳುವುದು ಸುಲಭ, ಅದಕ್ಕೆ ಮುಂಚೆ ಒಂದೆರಡು ವಿಷಯ ಗೊತ್ತಾಗಬೇಕು. ಸಾವಿರ ಕಿಲೋಮೀಟರಿನಲ್ಲಿ ನಿಜವಾಗಿ ಎಷ್ಟು ಜಲ್ಲಿ? ಆ ಜಲ್ಲಿ ಗಟ್ಟಿ ನೆಲದ ಮೇಲೆ ಚದುರಿದ್ದೋ, ಚಕ್ರ ಹೂತುಹೋಗುವಷ್ಟು ಆಳದ್ದೋ? ಮಳೆಯಲ್ಲೂ ಓಡಿಸುತ್ತೀರಾ? ಎಲ್ಲಕ್ಕಿಂತ ಮುಖ್ಯವಾಗಿ, ಜಲ್ಲಿಗೆ ಇಳಿಯುವಾಗ ಟೈರಿನಲ್ಲಿ ಗಾಳಿ ಎಷ್ಟಿರುತ್ತದೆ?

ಇನ್ನು 50/50, 80/20 ಎಂಬ ಅಂಕಿಗಳ ಬಗ್ಗೆ ಒಂದು ಮಾತು. ಇವು ಯಾವುದೋ ಪರೀಕ್ಷೆಯಲ್ಲಿ ಅಳೆದು ಕೊಟ್ಟ ಅಂಕಗಳಲ್ಲ, ತಮ್ಮ ಟೈರು ಎಂಥ ಬಳಕೆಗೆ ಹೊಂದುತ್ತದೆಂದು ತಯಾರಕರು ತಾವೇ ಮಾಡಿಕೊಂಡ ಅಂದಾಜು. ಮಿಶೆಲಿನ್ ಕಂಪನಿ ತನ್ನ ಅನಾಕಿ ಅಡ್ವೆಂಚರ್ ಟೈರನ್ನು 80/20 ಎಂದೂ, ಅನಾಕಿ ವೈಲ್ಡ್ ಟೈರನ್ನು 50/50 ಎಂದೂ ಹೇಳುತ್ತದೆ. ಆ ಎರಡನ್ನು ಒಂದಕ್ಕೊಂದು ಹೋಲಿಸಲು ಈ ಅಂಕಿಗಳು ನೆರವಾಗುತ್ತವೆ. ಒಬ್ಬ ತಯಾರಕರ 50/50ನ್ನು ಮತ್ತೊಬ್ಬರ 50/50ರ ಪಕ್ಕದಲ್ಲಿಟ್ಟು ತೂಗಲು ಹೊರಟರೆ ಮಾತ್ರ ಲೆಕ್ಕ ತಪ್ಪುತ್ತದೆ.

ಧೂಳುದಾರಿ:

ಕೇಳಿದ್ದಕ್ಕೆ ಉತ್ತರಿಸುತ್ತೇನೆ. ಸಾವಿರದಲ್ಲಿ 850 ಕಿಲೋಮೀಟರ್ ಡಾಂಬರು, ಉಳಿದದ್ದು ಜಲ್ಲಿ. ಅದರಲ್ಲಿ ಬಹುಪಾಲು ಗಟ್ಟಿ ನೆಲದ ಮೇಲೆ ಸಣ್ಣ ಕಲ್ಲು ಚದುರಿರುವ ದಾರಿ. ಹೊಸದಾಗಿ ಜಲ್ಲಿ ಸುರಿದ ಆಳದ ತುಂಡುಗಳು ಅಲ್ಲಲ್ಲಿ ಸಿಗುತ್ತವೆ. ಮಳೆಯಲ್ಲೂ ಓಡಿಸುತ್ತೇನೆ, ಬೇರೆ ವಾಹನವಿಲ್ಲ. ಗಾಳಿ ಯಾವಾಗಲೂ ಮುಂದೆ 36, ಹಿಂದೆ 42 ಪಿಎಸ್‌ಐ. ಜಲ್ಲಿಗೆಂದು ಎಂದೂ ಇಳಿಸಿದವನಲ್ಲ.

ಜಲ್ಲಿಗಲ್ಲು:

ಕೊನೆಯ ಸಾಲಿನಲ್ಲೇ ನಿಮ್ಮ ತೊಂದರೆಯ ಅರ್ಧ ಭಾಗ ಇದೆ. ಅದಕ್ಕೆ ಬೇರೆಯವರು ಉತ್ತರಿಸುತ್ತಾರೆಂದು ಬಿಟ್ಟು, ಬಟನ್ನುಗಳು ಮಾಡುವ ಕೆಲಸವೇನು ಎಂಬುದನ್ನು ಬರೆಯುತ್ತೇನೆ.

ಡಾಂಬರಿನ ಮೇಲೆ ಹಿಡಿತ ಹುಟ್ಟುವುದು ರಬ್ಬರು ನೆಲಕ್ಕೆ ಅಂಟಿಕೊಳ್ಳುವುದರಿಂದ ಮತ್ತು ನೆಲದ ಸಣ್ಣ ಉಬ್ಬುತಗ್ಗುಗಳಿಗೆ ತಾನೇ ಬಾಗಿ ಕೂರುವುದರಿಂದ. ಅಲ್ಲಿ ಎಷ್ಟು ರಬ್ಬರು ತಾಗಿದೆ, ಅದು ಎಷ್ಟು ಮೆದು ಎಂಬುದೇ ಮುಖ್ಯ. ಜಲ್ಲಿಯ ಮೇಲೆ ನೀವು ಹಿಡಿಯಲು ಹೊರಟ ನೆಲವೇ ಜಾರುತ್ತಿರುತ್ತದೆ, ಗೋಲಿಗಳನ್ನು ಹರಡಿದ ನೆಲದ ಮೇಲೆ ನಡೆದ ಹಾಗೆ. ಬಟನ್ನುಗಳ ನಡುವೆ ಖಾಲಿ ಜಾಗವಿದ್ದರೆ ಸಡಿಲ ಕಲ್ಲುಗಳು ಆ ಸಂದಿಗೆ ಸರಿದು, ಬಟನ್ನಿನ ಅಂಚು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಜಲ್ಲಿ ಒಂದೆರಡು ಸೆಂಟಿಮೀಟರಿನಷ್ಟು ತೆಳುವಾಗಿದ್ದಾಗ ದೊಡ್ಡ ಬಟನ್ನು ನಿಜವಾಗಿ ಕೆಲಸಕ್ಕೆ ಬರುವುದು ಹೀಗೆ. ಆಳದ ಜಲ್ಲಿಯಲ್ಲಿ ಕೆಳಗೆ ಮುಟ್ಟಲು ಗಟ್ಟಿ ನೆಲವೇ ಇರುವುದಿಲ್ಲವಾದ್ದರಿಂದ ಅಲ್ಲಿ ಬಟನ್ನು ಹುಟ್ಟಿನಂತೆ ಕಲ್ಲನ್ನು ಹಿಂದಕ್ಕೆ ತಳ್ಳುವ ಕೆಲಸವನ್ನಷ್ಟೇ ಮಾಡುತ್ತದೆ. ಚಕ್ರ ಅಲೆಯುವುದನ್ನು ಯಾವ ಟೈರೂ ಪೂರ್ತಿ ನಿಲ್ಲಿಸದು. ಅದನ್ನು ಅಲೆಯಲು ಬಿಟ್ಟು, ಫುಟ್‌ಪೆಗ್ ಮೇಲೆ ನಿಂತು, ಟ್ಯಾಂಕನ್ನು ಮೊಣಕಾಲುಗಳಿಂದ ಹಿಡಿದು, ನಿಧಾನವಾಗಿ ಎಕ್ಸಲರೇಟರ್ ಕೊಡುತ್ತಾ ದಾಟಬೇಕು.

ಅದೇ ಖಾಲಿ ಜಾಗಕ್ಕೆ ಡಾಂಬರಿನ ಮೇಲೆ ದಂಡ ತೆರಬೇಕಾಗುತ್ತದೆ. ತಾಗುವ ರಬ್ಬರು ಕಡಿಮೆಯಾಗುತ್ತದೆ. ಎತ್ತರದ ಬಟನ್ನು ತಿರುವಿನಲ್ಲೂ ಬ್ರೇಕಿನಲ್ಲೂ ಬಾಗುವುದರಿಂದ ಹ್ಯಾಂಡಲಿಗೂ ನೆಲಕ್ಕೂ ನಡುವೆ ಯಾರೋ ಮೆತ್ತೆ ಇಟ್ಟಂತೆ ಅನ್ನಿಸುತ್ತದೆ. ಬಾಗಿ ಬಾಗಿ ಬಿಸಿಯೇರಿದ ಬಟನ್ನು ಬೇಗ ಸವೆಯುತ್ತದೆ, ಸವೆಯುವಾಗ ಸಮನಾಗಿಯೂ ಸವೆಯುವುದಿಲ್ಲ. ದೊಡ್ಡ ಬಟನ್ನಿನ ಮುಂದಿನ ಟೈರನ್ನು ಕೆಲವು ಸಾವಿರ ಕಿಲೋಮೀಟರ್ ಡಾಂಬರಿನ ಮೇಲೆ ಓಡಿಸಿದ ಮೇಲೆ ಅದರ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಸವರಿದರೆ ಗರಗಸ. ಆ ಗರಗಸವೇ ಮುಂದೆ ಗುಂಯ್ ಎಂಬ ಸದ್ದಾಗಿ ಹೆಲ್ಮೆಟ್ಟಿನೊಳಗೂ ಕೇಳಿಸುತ್ತದೆ.

ಮಳೆಸವಾರ:

ಮೇಲಿನ ವಿವರಣೆಗೆ ನನ್ನ ಬಲ ಮೊಣಕೈಯೇ ಸಾಕ್ಷಿ. ನಾನೂ ಧೂಳುದಾರಿಯವರಂತೆ ಶೇಕಡಾ ಹತ್ತು ಹದಿನೈದರಷ್ಟು ಜಲ್ಲಿಗಾಗಿ ಎರಡೂ ಕಡೆ ದೊಡ್ಡ ಬಟನ್ನಿನ ಟೈರು ಹಾಕಿಸಿದ್ದೆ. ಮೊದಲ ತಿಂಗಳು ಜಲ್ಲಿಯಲ್ಲಿ ನಾನೇ ಹುಲಿ. ಆರು ತಿಂಗಳ ನಂತರ, ಬಟನ್ನುಗಳು ಅರ್ಧ ಸವೆದಿದ್ದಾಗ, ಸಣ್ಣ ಮಳೆ ಬಿದ್ದು ಎಣ್ಣೆಯ ಪಸೆ ಮೇಲೆದ್ದಿದ್ದ ವೃತ್ತವೊಂದರಲ್ಲಿ ಗಂಟೆಗೆ 30 ಕಿಲೋಮೀಟರಿಗಿಂತಲೂ ಕಡಿಮೆ ವೇಗದಲ್ಲಿ ಮುಂದಿನ ಚಕ್ರ ಸರಕ್ಕನೆ ಜಾರಿತು. ಹಿಡಿದುಕೊಳ್ಳಲು ಸಮಯವೇ ಇರಲಿಲ್ಲ. ಟೈರಿನ ಹೆಸರು ಬೇಡ, ತಪ್ಪು ಅದರದ್ದಲ್ಲ. ಅದನ್ನು ಆರಿಸಿಕೊಂಡವನು ನಾನು.

ದೊಡ್ಡ ಸಂದಿಗಳಿದ್ದರೆ ನೀರು ಚೆನ್ನಾಗಿ ಹರಿದುಹೋಗುತ್ತದೆ, ಆದ್ದರಿಂದ ಮಳೆಯಲ್ಲಿ ಬಟನ್ ಟೈರೇ ಒಳ್ಳೆಯದು ಎಂದು ಆಗ ನಾನು ವಾದಿಸುತ್ತಿದ್ದೆ. ನೀರು ಹರಿದುಹೋಗುವುದು ನಿಜವೇ. ಆದರೆ ಊರೊಳಗಿನ ವೇಗದಲ್ಲಿ ನಮ್ಮನ್ನು ಬೀಳಿಸುವುದು ನಿಂತ ನೀರಿಗಿಂತ ತೆಳುವಾದ ಪಸೆಯೇ ಹೆಚ್ಚು. ಅಲ್ಲಿ ಬೇಕಾದದ್ದು ಹೆಚ್ಚು ರಬ್ಬರು, ಮೆದು ರಬ್ಬರು, ಮತ್ತು ಬಟನ್ನಿನ ಮೈಮೇಲೆ ಬ್ಲೇಡಿನಿಂದ ಗೀರಿದಂತಿರುವ ಸಣ್ಣ ಸೀಳುಗಳು. ರಬ್ಬರಿಗೆ ಸಿಲಿಕಾ ಬೆರೆಸುವುದೂ ತಂಪಾದ, ಒದ್ದೆಯಾದ ನೆಲದ ಮೇಲೆ ಹಿಡಿತ ಸಿಗಲೆಂದೇ.

ನಿಮ್ಮ 150 ಕಿಲೋಮೀಟರ್ ಜಲ್ಲಿಯಲ್ಲಿ ವೇಗ ಕಡಿಮೆ, ಎದುರಿಗೆ ಲಾರಿಯಿಲ್ಲ, ಬಿದ್ದರೂ ಎದ್ದು ಧೂಳು ಕೊಡವಿಕೊಳ್ಳಬಹುದು. ಮಿಕ್ಕ 850ರಲ್ಲಿ ಹಾಗಲ್ಲ. ಟೈರು ಆರಿಸುವಾಗ ಭಯ ಎಲ್ಲಿದೆ ಎಂದು ನೋಡುವುದಕ್ಕಿಂತ ಅಪಾಯ ಎಲ್ಲಿದೆ ಎಂದು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪಂಕ್ಚರ್‌ಪುರಾಣ:

ಗಾಳಿಯ ವಿಷಯ ನನ್ನ ಪಾಲಿಗೆ ಬಿಟ್ಟಂತಿದೆ, ಬರೆಯುತ್ತೇನೆ.

36 ಮತ್ತು 42 ಎಂಬುದು ಇಬ್ಬರು ಕುಳಿತು, ಪೆಟ್ಟಿಗೆಗಳನ್ನು ತುಂಬಿಸಿ, ಹೆದ್ದಾರಿಯಲ್ಲಿ ಹೋಗುವಾಗಿನ ಗಾಳಿ. ಅಷ್ಟು ಬಿಗಿದ ಟೈರು ಕಲ್ಲಿನ ಮೇಲೆ ಬಾಗದೆ ಪುಟಿಯುತ್ತದೆ, ಪುಟಿದಾಗಲೆಲ್ಲ ನೆಲ ಬಿಡುತ್ತದೆ. ಒಬ್ಬರೇ ಇದ್ದು ಸಾಮಾನಿಲ್ಲದಿದ್ದಾಗ, ಗಟ್ಟಿ ಜಲ್ಲಿಯ ದಾರಿಯಲ್ಲಿ ನಿಮ್ಮ ತೂಕದ ಬೈಕಿಗೆ ಮುಂದೆ 26ರಿಂದ 28, ಹಿಂದೆ 28ರಿಂದ 30 ಎಂಬುದು ನಾನು ವರ್ಷಗಟ್ಟಲೆ ಬಳಸುತ್ತಿರುವ ಲೆಕ್ಕ. ಟೈರು ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಸಣ್ಣ ಕಲ್ಲುಗಳನ್ನು ಅದು ನುಂಗಿಕೊಳ್ಳುತ್ತದೆ.

ಇಳಿಸುವುದಕ್ಕೂ ಒಂದು ಮಿತಿಯುಂಟು. ಒಮ್ಮೆ ಮರಳು ದಾಟಲೆಂದು ಮುಂದಿನ ಟೈರನ್ನು 18ಕ್ಕೆ ಇಳಿಸಿ, ದಾಟಿದ ಮೇಲೆ ಸೋಮಾರಿತನದಿಂದ ಹಾಗೆಯೇ ಮುಂದುವರಿದೆ. ಮುಷ್ಟಿಯ ಗಾತ್ರದ ಚೂಪುಗಲ್ಲೊಂದು ಟೈರನ್ನು ಪೂರ್ತಿ ಅದುಮಿ ರಿಮ್ಮಿಗೇ ಬಡಿಯಿತು. ಅಲಾಯ್ ರಿಮ್ಮಿನ ಅಂಚು ಹೆಬ್ಬೆರಳು ಕೂರುವಷ್ಟು ಒಳಕ್ಕೆ ಮಡಚಿ, ಅಲ್ಲಿಂದ ಗಾಳಿ ಸುಯ್ಯೆಂದು ಹೊರಟಿತು. ಟೈರಿಗೆ ಗೀರೂ ಬಿದ್ದಿರಲಿಲ್ಲ. ಕಡ್ಡಿಯ ಚಕ್ರ ಮತ್ತು ಟ್ಯೂಬ್ ಇದ್ದವರಿಗೆ ಇದೇ ಪೆಟ್ಟಿನಿಂದ ಟ್ಯೂಬು ರಿಮ್ಮಿನಡಿ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಆದ್ದರಿಂದ ಭಾರದ ಬೈಕಿನಲ್ಲಿ ಕಲ್ಲಿನ ದಾರಿಗೆ 25ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಟೈರಿನೊಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಡಾಂಬರಿನ ಮೇಲೆ ಒಂದು ಗಂಟೆ ಓಡಿಸಿ ಬಿಸಿಯಾಗಿರುವಾಗಲೇ 26ಕ್ಕೆ ಇಳಿಸಿದರೆ, ಚಹಾ ಕುಡಿದು ಬರುವಷ್ಟರಲ್ಲಿ ಅದು 23ಕ್ಕೆ ಬಂದಿರುತ್ತದೆ. ಬಿಸಿಯಿರುವಾಗ ಇಳಿಸುವುದಾದರೆ ಎರಡು ಮೂರು ಪಿಎಸ್‌ಐ ಮೇಲೆಯೇ ನಿಲ್ಲಿಸಿ. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಲು 12 ವೋಲ್ಟಿನ ಸಣ್ಣ ಪಂಪು ಜೊತೆಗಿರಲಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಬಾಗಿ ಬಾಗಿ ಬಿಸಿಯಾಗುತ್ತದೆ, ಆ ಹಾನಿ ಹೊರಗಿನಿಂದ ಕಾಣಿಸುವುದಿಲ್ಲ.

ಹಳೆಚೈನು:

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಧೂಳುದಾರಿಯವರೇ, ಹೇಗೂ ಸವೆದಿರುವ ಟೈರುಗಳು ಇನ್ನೂ ಬೈಕಿನಲ್ಲೇ ಇವೆ. ಹೊಸದನ್ನು ಕೊಳ್ಳುವ ಮುನ್ನ ಒಣಗಿದ ದಿನವೊಂದರಲ್ಲಿ ಅದೇ ಜಲ್ಲಿದಾರಿಯ ಅರ್ಧ ಕಿಲೋಮೀಟರನ್ನು ಅದೇ ವೇಗದಲ್ಲಿ ಮೂರು ಬಗೆಯ ಗಾಳಿಯಲ್ಲಿ ಓಡಿಸಿ ನೋಡಿ. ಗಾಳಿ ಅಳೆಯಲು ನಿಮ್ಮದೇ ಗೇಜು ಇರಲಿ.

ಏಕಾಂಗಿ:

ಎರಡೂ ಕಡೆ ಒಂದೇ ಬಗೆಯ ಟೈರು ಯಾಕೆ ಬೇಕು? ಮುಂದೆ ದೊಡ್ಡ ಬಟನ್ನಿನದನ್ನು, ಹಿಂದೆ ಸಾಧಾರಣ 80/20 ಬಗೆಯದನ್ನು ಹಾಕಿಸುವುದು ಹಲವರ ರೂಢಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಕಥೆ ಮುಗಿಯಿತು. ಎಂಜಿನ್ನಿನ ಎಳೆತಕ್ಕೆ ಬೇಗ ಸವೆಯುವುದು ಹಿಂದಿನದು, ಅಲ್ಲಿ ಗಟ್ಟಿ ಬಾಳಿಕೆಯ ಟೈರಿರಲಿ, ದಿಕ್ಕು ಹಿಡಿಯಬೇಕಾದ ಮುಂದಿನದಕ್ಕೆ ಹಲ್ಲುಗಳಿರಲಿ ಎಂಬುದು ಇದರ ತರ್ಕ.

ಮಳೆಸವಾರ:

ತರ್ಕ ಸರಿಯಾಗಿದೆ, ಆದರೆ ಅದು ಜಲ್ಲಿಯ ತರ್ಕ. ಡಾಂಬರಿನ ಮೇಲೆ ಜೋರಾಗಿ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ನಿಲ್ಲಿಸುವ ಕೆಲಸದ ಬಹುಪಾಲನ್ನು ಮುಂದಿನ ಟೈರೇ ಮಾಡುತ್ತದೆ. ಒದ್ದೆ ಡಾಂಬರಿನಲ್ಲಿ ಎಲ್ಲಿ ರಬ್ಬರು ಹೆಚ್ಚು ಬೇಕೋ ಅಲ್ಲೇ ಅದನ್ನು ಕಡಿಮೆ ಮಾಡಿದಂತಾಗುತ್ತದೆ. ನಾನು ಬಿದ್ದದ್ದೂ ಮುಂದಿನ ಚಕ್ರ ಜಾರಿಯೇ ಎಂಬುದನ್ನು ಗಮನಿಸಬೇಕು.

ಜಲ್ಲಿಗಲ್ಲು:

ಇಬ್ಬರೂ ತಂತಮ್ಮ ದಾರಿಗೆ ಸರಿಯಾದ ಮಾತನ್ನೇ ಆಡುತ್ತಿದ್ದೀರಿ. ಅರ್ಧಕ್ಕರ್ಧ ಜಲ್ಲಿಯಲ್ಲಿ ಓಡಾಡುವ, ಮಳೆಯಲ್ಲಿ ಬೈಕನ್ನು ಹೊರತೆಗೆಯದ ಸವಾರರಿಗೆ ಏಕಾಂಗಿಯವರ ಜೋಡಿ ಒಪ್ಪುತ್ತದೆ, ನಾನೂ ಎರಡು ವರ್ಷ ಹಾಗೆಯೇ ಓಡಿಸಿದ್ದೇನೆ. ಪ್ರಶ್ನೆ ಕೇಳಿದವರ ಲೆಕ್ಕಕ್ಕೆ ಅದು ಒಪ್ಪುವುದಿಲ್ಲ. ಜೊತೆಗೆ, ಭಾರದ ಬೈಕಿನಲ್ಲಿ ಬಾಗುವ ಬಟನ್ನಿನ ಮುಂದಿನ ಟೈರನ್ನೂ ಬಿಗಿಯಾದ ಹಿಂದಿನ ಟೈರನ್ನೂ ಸೇರಿಸಿ, ಪೆಟ್ಟಿಗೆಗಳನ್ನು ಏರಿಸಿ ಹೆದ್ದಾರಿಗೆ ಹೋದರೆ ಕೆಲವು ಜೋಡಿಗಳು ವೇಗದಲ್ಲಿ ತೊನೆಯುತ್ತವೆ. ತಯಾರಕರು ಮುಂದಿನದನ್ನೂ ಹಿಂದಿನದನ್ನೂ ಜೋಡಿಯಾಗಿಯೇ ಪರೀಕ್ಷಿಸಿರುತ್ತಾರೆ.

ನಡುವಿನ ದಾರಿಯೂ ಒಂದಿದೆ. ಹೈಡೆನೌ ಕಂಪನಿಯ ಕೆ60 ಸ್ಕೌಟ್ ಟೈರಿನ ಅಗಲದ ಹಿಂದಿನ ಅಳತೆಗಳಲ್ಲಿ ನಡುವೆ ಕಡಿಯದ ರಬ್ಬರಿನ ಪಟ್ಟಿಯೊಂದು ಸುತ್ತಲೂ ಓಡುತ್ತದೆ. ನೆಟ್ಟಗಿನ ಡಾಂಬರಿನಲ್ಲಿ ಸವೆತ ತಡೆಯಲು ಅದು ಅನುಕೂಲ, ಆದರೆ ಕೆಸರಿನಲ್ಲಿ ಅದೇ ಪಟ್ಟಿ ಹಾವುಗೆಯಂತೆ ಜಾರುತ್ತದೆ. ಬಾಳಿಕೆ, ಹಿಡಿತ, ಮಳೆ ಈ ಮೂರರಲ್ಲಿ ಒಂದನ್ನು ಹೆಚ್ಚಿಸಿದರೆ ಇನ್ನೊಂದರಲ್ಲಿ ತುಸು ಕಡಿಮೆಯಾಗಿಯೇ ಆಗುತ್ತದೆ.

ಅಚ್ಚುಗಾಲಿ:

ಕೊಳ್ಳುವ ಮುನ್ನ ಟೈರಿನ ಮೈಮೇಲಿನ ಬರಹವನ್ನು ಓದಿಕೊಳ್ಳುವುದನ್ನು ಯಾರೂ ಹೇಳಲಿಲ್ಲ. 150/70 ಆರ್ 17 69 ವಿ ಎಂದಿದ್ದರೆ ಅಗಲ 150 ಮಿಲಿಮೀಟರ್, ಸೈಡ್‌ವಾಲ್ ಎತ್ತರ ಆ ಅಗಲದ ಶೇಕಡಾ 70, ರಿಮ್ 17 ಇಂಚು. 69 ಎಂಬುದು ಭಾರದ ಸಂಕೇತ, ಅಂದರೆ 325 ಕಿಲೋ. ವಿ ಎಂದರೆ ಗಂಟೆಗೆ 240 ಕಿಲೋಮೀಟರ್ ವೇಗಕ್ಕೆ ಒಪ್ಪಿದ್ದು. ಮುಂದಿನದರ 59 ಎಂದರೆ 243 ಕಿಲೋ. ದೊಡ್ಡ ಬಟನ್ನಿನ ಟೈರುಗಳಲ್ಲಿ ಈ ಕೊನೆಯ ಅಕ್ಷರ ಕೆಳಗಿಳಿದಿರುತ್ತದೆ. ಕಾಂಟಿನೆಂಟಲ್ ಟಿಕೆಸಿ 80ರ ಹಲವು ಅಳತೆಗಳಲ್ಲಿ ಅದು ಕ್ಯೂ, ಅಂದರೆ 160 ಕಿಲೋಮೀಟರ್. ವೇಗದ ಅಕ್ಷರದ ಬಗ್ಗೆ ನಿಮ್ಮಲ್ಲಿನ ನಿಯಮವನ್ನೂ ಬೈಕಿನ ಕೈಪಿಡಿಯನ್ನೂ ನೋಡಿಕೊಳ್ಳಬೇಕು. ಭಾರದ ಸಂಕೇತವನ್ನು ಮಾತ್ರ ಯಾವ ಕಾರಣಕ್ಕೂ ಇಳಿಸಬಾರದು.

ಆರ್ ಎಂದರೆ ರೇಡಿಯಲ್ (ಒಳಗಿನ ನೂಲುಗಳು ನೇರ ಅಡ್ಡಲಾಗಿರುವುದು), ಆ ಜಾಗದಲ್ಲಿ ಅಡ್ಡಗೆರೆಯಿದ್ದರೆ ಬಯಾಸ್ (ನೂಲುಗಳು ಓರೆಯಾಗಿರುವುದು), ಬಿ ಇದ್ದರೆ ಪಟ್ಟಿ ಸೇರಿಸಿದ ಬಯಾಸ್. ತಯಾರಕರು ಒಪ್ಪದ ಹೊರತು ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಬಯಾಸ್ ಹಾಕಿಸಬೇಡಿ. ಅಳತೆ ಬದಲಾಯಿಸುವ ಆಸೆಯೂ ಬೇಡ. ಹಿಂದೆ 150/70 ತೆಗೆದು 140/80 ಹಾಕಿದರೆ ಸೈಡ್‌ವಾಲ್ 105ರಿಂದ 112 ಮಿಲಿಮೀಟರಿಗೆ ಏರುತ್ತದೆ, ಚಕ್ರದ ಸುತ್ತಳತೆ ಶೇಕಡಾ ಎರಡರಷ್ಟು ಹೆಚ್ಚುತ್ತದೆ. ಎರಡೂ ಚಕ್ರಗಳ ವೇಗವನ್ನು ಹೋಲಿಸಿ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಬೈಕಿಗೆ ಅದು ಹಿಡಿಸದಿರಬಹುದು.

ತಯಾರಾದ ವಾರವನ್ನೂ ನೋಡಿ. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ 3223 ಎಂದಿದ್ದರೆ ಅದು 2023ರ 32ನೆಯ ವಾರದಲ್ಲಿ ತಯಾರಾದದ್ದು. ಹಳದಿ ಚುಕ್ಕಿಯಿದ್ದರೆ ಅದು ಟೈರಿನ ಹಗುರ ಭಾಗ, ಅದನ್ನು ವಾಲ್ವಿನ ನೇರಕ್ಕೆ ಕೂರಿಸಲು ಹೇಳಿ.

ಧೂಳುದಾರಿ:

ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮಿಸಿ, ಹಳೆಚೈನು ಅವರು ಹೇಳಿದ ಪರೀಕ್ಷೆ ಮಾಡಿ ಬಂದಿದ್ದೇನೆ. ಮೊದಲ ಅಚ್ಚರಿ ಗೇಜಿನದು. ನಾನು ನಂಬಿದ್ದ ಪಂಪಿನ ಮೀಟರು 36 ತೋರಿಸಿದಾಗ ನನ್ನ ಹೊಸ ಗೇಜಿನಲ್ಲಿ 40 ಇತ್ತು. ಇಷ್ಟು ದಿನ ಜಲ್ಲಿಯಲ್ಲಿ ಕಲ್ಲಿನಂಥ ಟೈರನ್ನು ಓಡಿಸುತ್ತಿದ್ದೆನೆಂದಾಯಿತು.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಅದೇ ಅರ್ಧ ಕಿಲೋಮೀಟರನ್ನು ಮೊದಲು ಹಳೆಯ ಗಾಳಿಯಲ್ಲಿ, ಆಮೇಲೆ ಮುಂದೆ 32 ಹಿಂದೆ 34ರಲ್ಲಿ, ಕೊನೆಗೆ ಮುಂದೆ 27 ಹಿಂದೆ 29ರಲ್ಲಿ ಓಡಿಸಿದೆ. ಎರಡನೆಯ ಸುತ್ತಿನಲ್ಲಿ ಅಂಥ ವ್ಯತ್ಯಾಸವೇನೂ ಕಾಣಿಸಲಿಲ್ಲ. ಮೂರನೆಯದರಲ್ಲಿ ಹ್ಯಾಂಡಲಿಗೆ ಬರುತ್ತಿದ್ದ ಟಕಟಕ ಹೊಡೆತ ಮೆತ್ತಗಾಯಿತು. ಅದೇ ತಿರುವಿನಲ್ಲಿ, ಎಲ್ಲಿ ಪ್ರತಿ ಸಲ ಮುಂದಿನ ಚಕ್ರ ಗೇಣುದ್ದ ಹೊರಕ್ಕೆ ಸರಿಯುತ್ತಿತ್ತೋ ಅಲ್ಲಿ, ನಾಲ್ಕು ಬೆರಳಿನಷ್ಟೇ ಸರಿದು ನಿಂತಿತು. ಆಳದ ಜಲ್ಲಿಯ ತುಂಡಿನಲ್ಲಿ ಮಾತ್ರ ಮೂರು ಸಲವೂ ಅದೇ ತೇಲಾಟ.

ಪಂಕ್ಚರ್‌ಪುರಾಣ:

ಆಳದ ತುಂಡಿಗೆ ಔಷಧಿ ಅಭ್ಯಾಸವೇ. ಅಲ್ಲಿ ಮುಂದಿನ ಬ್ರೇಕು ಮುಟ್ಟಬೇಡಿ.

ಏಕಾಂಗಿ:

ಸವೆದ ಟೈರಿನಲ್ಲೇ ಇಷ್ಟು ವ್ಯತ್ಯಾಸವೆಂದರೆ ನನ್ನ ವಾದವನ್ನು ಈ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ನಿಮ್ಮ ಜಲ್ಲಿ ಶೇಕಡಾ 15ರಿಂದ 40ಕ್ಕೆ ಏರಿದ ದಿನ ಮತ್ತೆ ಮಾತಾಡೋಣ.

ಧೂಳುದಾರಿ:

ಎರಡೂ ಕಡೆ 80/20 ಬಗೆಯ ಒಂದೇ ಜೋಡಿಯನ್ನು, ಕಂಪನಿಯ ಅಳತೆಯಲ್ಲೇ ಹಾಕಿಸಿದೆ. ಮೊದಲ 200 ಕಿಲೋಮೀಟರ್ ಹೊಸ ರಬ್ಬರಿನ ನುಣುಪು ಹೋಗುವವರೆಗೆ ಮೆಲ್ಲಗೆ ಓಡಿಸಿದೆ. ಈಗ 3,000 ಕಿಲೋಮೀಟರ್ ಆಗಿದೆ, ಅದರಲ್ಲಿ ಎರಡು ದಿನ ಬಿಡದ ಮಳೆಯೂ ಸೇರಿದೆ. ಡಾಂಬರಿನ ಮೇಲೆ ಹಳೆಯ ಟೈರಿಗೂ ಇದಕ್ಕೂ ನನಗೆ ತಿಳಿಯುವಂಥ ವ್ಯತ್ಯಾಸವಿಲ್ಲ. ತೆಳು ಜಲ್ಲಿಯಲ್ಲಿ ಬ್ರೇಕು ಹಿಡಿದಾಗ ಹೊಸ ಬಟನ್ನಿನ ಅಂಚು ಕಚ್ಚುವುದು ಕಾಲಿಗೆ ತಿಳಿಯುತ್ತದೆ. ಕೆಸರಿಗೆ ಇಳಿದದ್ದು ಒಂದೇ ಸಲ. ಸಂದಿಗಳೆಲ್ಲ ತುಂಬಿ ಟೈರು ಬೋಳಾದದ್ದನ್ನು ನೋಡಿ, ಬೈಕು ತಿರುಗಿಸಿಕೊಂಡು ಬಂದೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಪ್ರತಿ ಸವಾರಿಯ ನಂತರ ಹಿಂದಿನ ಟೈರಿನ ಸಂದಿಗಳಲ್ಲಿ ಹತ್ತಾರು ಸಣ್ಣ ಕಲ್ಲುಗಳು ಸಿಕ್ಕಿಕೊಂಡಿರುತ್ತವೆ. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯುತ್ತಿದ್ದೇನೆ. ತೆಗೆಯದಿದ್ದರೆ ಹಾನಿಯುಂಟೇ?

ಅಚ್ಚುಗಾಲಿ:

ದುಂಡನೆಯವು ಡಾಂಬರಿನ ಮೇಲೆ ತಾವಾಗಿಯೇ ಹಾರಿಹೋಗುತ್ತವೆ. ಚೂಪಾದವನ್ನು ತೆಗೆಯಿರಿ, ಆದರೆ ಸ್ಕ್ರೂಡ್ರೈವರಿನ ತುದಿ ಸಂದಿಯ ತಳವನ್ನು ಚುಚ್ಚದಂತೆ ಪಕ್ಕದಿಂದ ಮೀಟಿ. ಕಲ್ಲಿನ ಬದಲು ಮೊಳೆ ಕಂಡರೆ ಮಾತ್ರ, ಪಂಕ್ಚರ್ ಹಾಕುವ ಸಾಮಾನು ಮತ್ತು ಪಂಪು ಕೈಯಲ್ಲಿರುವವರೆಗೂ ಅದನ್ನು ಕೀಳಬೇಡಿ.